ತಟ್ಟೆಯಕ್ಕ ಉಳಿಸಿದ ಎಂಟು ತಟ್ಟೆ

ನಮ್ಮ ಆಸ್ಪತ್ರೆಯಲ್ಲಿ ಅವಳ ನಿಜವಾದ ಹೆಸರು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ. ಉಳಿದವರಿಗೆಲ್ಲ ಅವಳು ತಟ್ಟೆಯಕ್ಕ. ಊಟದ ತಟ್ಟೆಯಲ್ಲ, ರೋಗಾಣು ಬೆಳೆಸುವ ತಟ್ಟೆ, ಅಂಗೈಯಗಲದ್ದು, ಮೇಲೊಂದು ಮುಚ್ಚಳ ಇರುವಂಥದ್ದು. ಕೀವೋ ರಕ್ತವೋ ಮೂತ್ರವೋ, ವಾರ್ಡಿನಿಂದ ಏನೇ ಬರಲಿ, ಅದರಲ್ಲಿರುವ ರೋಗಾಣುವನ್ನು ಆ ತಟ್ಟೆಯಲ್ಲಿ ಬೆಳೆಸಿ, ಅದು ಯಾವ ಔಷಧಿಗೆ ಸಾಯುತ್ತದೆಂದು ನೋಡಿ ವರದಿ ಬರೆಯುವ ಲ್ಯಾಬ್ ಟೆಕ್ನಿಷಿಯನ್ ನಾನು. ಆ ರೋಗಾಣುವಿಗೆ ಅಡುಗೆ ಮಾಡಿ ಬಡಿಸುತ್ತಿದ್ದವಳು ಅವಳು.

ಲ್ಯಾಬಿನ ಹಿಂದೆ ಎರಡು ಮೆಟ್ಟಿಲು ಇಳಿದರೆ ಅವಳ ಅಡುಗೆಮನೆ. ಒಂದು ತಕ್ಕಡಿ, ಒಂದು ಒಲೆ, ಕುಕ್ಕರಿನ ದೊಡ್ಡಪ್ಪನ ಹಾಗಿದ್ದ ಆಟೋಕ್ಲೇವ್, ಸುಣ್ಣ ಉದುರುವ ಗೋಡೆ, ಒಂದೇ ಕಿಟಕಿ. ಡಬ್ಬಿಯಿಂದ ಕೆನೆಬಣ್ಣದ ಪುಡಿ ತೂಗಿ, ನೀರಿನಲ್ಲಿ ಕದಡಿ, ಕುದಿಸಿ, ಹಬೆಯಲ್ಲಿ ಬೇಯಿಸಿ, ಸೀಸೆಯನ್ನು ಮುಂಗೈಗೆ ತಾಗಿಸಿ ಬಿಸಿ ನೋಡಿ, ಒಂದೊಂದೇ ತಟ್ಟೆಗೆ ಸುರಿಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅದು ಹೆಪ್ಪುಗಟ್ಟಿ ಹೊಳೆಯುತ್ತಿತ್ತು. ಒಂದು ಗುಳ್ಳೆ ಇಲ್ಲ, ಒಂದು ಗೀರಿಲ್ಲ. ಅವಳ ಕೈ ನೋಡಲು ಬೇರೆ ಆಸ್ಪತ್ರೆಯವರು ಬಂದು ಹೋದದ್ದುಂಟು.

ಕೆಲಸಕ್ಕೆ ಸೇರಿದ್ದು ನೆಲ ಒರೆಸಲು. ತಾಯಿ ಬೇಗ ಹೋಗಿದ್ದಳು. ಇವಳೇ ಹಿರಿಯಳು, ಹಿಂದೆ ಇಬ್ಬರು ತಮ್ಮಂದಿರು, ಒಬ್ಬಳು ತಂಗಿ. ಒಂದು ಮೊಟ್ಟೆಯನ್ನು ನಾಲ್ಕು ಪಾಲು ಮಾಡಿ, ನಾಲ್ವರಿಗೂ ತನಗೇ ದೊಡ್ಡ ಪಾಲು ಬಂತು ಅನಿಸುವ ಹಾಗೆ ಮಾಡುವ ವಿದ್ಯೆ ಅವಳಿಗೆ ಹತ್ತು ವರ್ಷಕ್ಕೇ ಬಂದಿತ್ತಂತೆ. ಆ ವಿದ್ಯೆ ಆಮೇಲೆ ಅವಳನ್ನು ಬಿಡಲಿಲ್ಲ. ಸವೆದ ಸೋಪಿನ ಚೂರನ್ನು ಹೊಸ ಸೋಪಿಗೆ ಒತ್ತಿ ಅಂಟಿಸುವಳು. ಪೆನ್ಸಿಲನ್ನು ಎರಡು ತುಂಡು ಮಾಡಿ ಒಂದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವಳು. ಒಮ್ಮೆ ಕುದಿಸಿದ ಟೀ ಸೊಪ್ಪನ್ನು ಇನ್ನೊಮ್ಮೆ ಕುದಿಸಿ ನನಗೆ ಕೊಟ್ಟು, "ಬಣ್ಣ ನೋಡಬೇಡ, ಬಿಸಿ ನೋಡು" ಅನ್ನುವಳು. ನಾವು ನಕ್ಕರೆ, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ತಮ್ಮಾ" ಎನ್ನುವ ಗಾದೆ ಸಿದ್ಧವಾಗಿರುತ್ತಿತ್ತು. ಇತರರ ಮುಂದೆ ನಾನು 'ಸಾರ್'. ಇಬ್ಬರೇ ಇದ್ದಾಗ 'ತಮ್ಮಾ'. ಹದಿನೇಳು ವರ್ಷ ಹೀಗೇ ನಡೆದಿತ್ತು.

ಅವಳ ಅಡುಗೆಮನೆಯ ಗೋಡೆಗೆ ಒಂದು ನಿಯಮದ ಹಾಳೆ ಅಂಟಿಸಿತ್ತು. ತಟ್ಟೆಯಲ್ಲಿ ಪದರ ನಾಲ್ಕು ಮಿಲಿಮೀಟರ್ ದಪ್ಪ ಇರಬೇಕು. ಅಂದರೆ ಅರ್ಧ ಲೀಟರಿನ ಸೀಸೆಯಲ್ಲಿ ಇಪ್ಪತ್ತು ತಟ್ಟೆ. ತಟ್ಟೆಯಕ್ಕ ಇಪ್ಪತ್ತೆಂಟು ತೆಗೆಯುತ್ತಿದ್ದಳು.

ಪುಡಿಯ ಡಬ್ಬಿ ಮೂರು ತಿಂಗಳಿಗೊಮ್ಮೆ ಬರಬೇಕಾದದ್ದು ಐದು ತಿಂಗಳಿಗೆ ಬರುತ್ತಿದ್ದ ಕಾಲ. ಬೇರೆ ಆಸ್ಪತ್ರೆಗಳಲ್ಲಿ ಪರೀಕ್ಷೆ ನಿಂತರೂ ನಮ್ಮಲ್ಲಿ ನಿಲ್ಲಲಿಲ್ಲ. ಒಂದು ದಿನ ತಟ್ಟೆಯೊಂದನ್ನು ಅಡ್ಡ ಹಿಡಿದು ನೋಡಿ ನಾನೇ ಕೇಳಿದೆ, "ಏನಕ್ಕಾ ಇದು, ನೀರು ಚಿಮುಕಿಸಿದ ಹಾಗಿದೆಯಲ್ಲ?"

"ತಿನ್ನೋದು ಯಾರು? ರೋಗಾಣು ತಾನೇ?" ಅಂದಳು. "ಅದಕ್ಕೆ ಯಾಕೆ ಹೊಟ್ಟೆ ತುಂಬ ಬಡಿಸಬೇಕು? ಕೊಬ್ಬಿಸೋಕಾ?"

ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಲ್ಯಾಬಿನ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೂ ಹೇಳಿದೆ, ಅವರೂ ನಕ್ಕರು. ಆ ವರ್ಷದ ವಾರ್ಷಿಕೋತ್ಸವದಲ್ಲಿ ಮಿತವ್ಯಯಕ್ಕೆಂದು ತಟ್ಟೆಯಕ್ಕನಿಗೆ ಒಂದು ಸ್ಟೀಲ್ ಫ್ಲಾಸ್ಕ್ ಬಹುಮಾನ ಬಂತು. ಶಿಫಾರಸು ಪತ್ರ ಬರೆದವನು ನಾನು. ಒಳ್ಳೆಯ ಭಾಷೆಯಲ್ಲಿ ಬರೆದಿದ್ದೆ.

ಈಗ ಟೈಲರ್ ವಿಷಯ. ಆಸ್ಪತ್ರೆಯ ಎದುರು ಬೀದಿಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದ ಮನುಷ್ಯ, ಐವತ್ತರ ಆಸುಪಾಸು. ನರ್ಸುಗಳ ಕೋಟು, ನಮ್ಮ ಏಪ್ರನ್ನು ಎಲ್ಲ ಅವನ ಕೈಯಲ್ಲೇ ಸರಿಯಾಗುತ್ತಿದ್ದವು. ಸರಕು ತುಂಬಿದ ಗಾಡಿಯೊಂದು ಅವನ ಬಲಗಾಲಿನ ಮೇಲೆ ಉರುಳಿತು. ಮೂಳೆ ಕೂಡಿಸಿದರು, ಆದರೆ ಗಾಯಕ್ಕೆ ರೋಗಾಣು ಹೊಕ್ಕಿತು. ಬಂದ ರೋಗಾಣುವೂ ಅಂತಿಂಥದ್ದಲ್ಲ. ಹದಿನಾಲ್ಕು ಔಷಧಿಯ ಬಿಲ್ಲೆ ತಟ್ಟೆಯಲ್ಲಿಟ್ಟು ನೋಡಿದೆ, ಹದಿನಾಲ್ಕಕ್ಕೂ ಅದು ಕ್ಯಾರೇ ಅನ್ನಲಿಲ್ಲ. ಮೆಷಿನ್ ತುಳಿಯುವ ಕಾಲು ಅದು. ಅದನ್ನು ಉಳಿಸುವುದೇ ಎಲ್ಲರ ಮುಂದಿದ್ದ ಪ್ರಶ್ನೆ.

ಮೂಳೆ ವಾರ್ಡಿನ ಡಾಕ್ಟ್ರಮ್ಮ ಲ್ಯಾಬಿಗೇ ಬಂದರು. ಗಡಿಬಿಡಿಯ ಹೆಂಗಸು, ಕೂರುವ ಅಭ್ಯಾಸವೇ ಇಲ್ಲ. "ಒಂಟಿ ಔಷಧಿ ಯಾವುದೂ ನಡೆಯಲ್ಲ ಅಂತ ಗೊತ್ತಾಯ್ತು. ಎರಡೆರಡು ಜೋಡಿ ಮಾಡಿ ನೋಡಿ. ಯಾವುದಾದರೂ ಒಂದು ಜೋಡಿ ಹಿಡಿದರೆ ಸಾಕು" ಅಂದರು.

ಇದು ಹೊಸ ಮಾತೇನಲ್ಲ. ಒಂಟಿಯಾಗಿ ಸೋತ ಎರಡು ಔಷಧಿಗಳು ಜೊತೆಗೂಡಿದಾಗ ಕೆಲವೊಮ್ಮೆ ಗೆಲ್ಲುತ್ತವೆ. ಒಂದು ಹೋಗಿ ರೋಗಾಣುವಿನ ಗೋಡೆ ಸಡಿಲಿಸುತ್ತದೆ, ಇನ್ನೊಂದು ಆ ಸಂದಿಯಿಂದ ನುಗ್ಗಿ ಒಳಗೆ ಕೈಯಾಡಿಸುತ್ತದೆ. ಪರೀಕ್ಷಿಸಲು ದೊಡ್ಡ ಲ್ಯಾಬುಗಳಲ್ಲಿ ನಾಜೂಕಿನ ವಿಧಾನಗಳಿವೆ. ನಮಗೆ ಬಿಲ್ಲೆಯೇ ಗತಿ. ತಟ್ಟೆಯ ತುಂಬ ರೋಗಾಣು ಸವರಿ, ಔಷಧಿ ಕುಡಿದ ಎರಡು ಕಾಗದದ ಬಿಲ್ಲೆಗಳನ್ನು ಸ್ವಲ್ಪ ದೂರದಲ್ಲಿ ಇಡುವುದು. ಮರುದಿನಕ್ಕೆ ತಟ್ಟೆಯೆಲ್ಲ ಮಂಜು ಕವಿದ ಹಾಗೆ ರೋಗಾಣು ಬೆಳೆದಿರುತ್ತದೆ. ಔಷಧಿ ಗೆದ್ದಿದ್ದರೆ ಬಿಲ್ಲೆಯ ಸುತ್ತ ತಿಳಿಯಾದ ಬಯಲು. ಜೋಡಿ ಗೆದ್ದಿದ್ದರೆ ಎರಡು ಬಿಲ್ಲೆಗಳ ನಡುವೆಯೂ ಮಂಜು ಹರಿದು ಒಂದು ದಾರಿ ಬಿದ್ದಿರುತ್ತದೆ.

ನಾಲ್ಕನೇ ಜೋಡಿಗೆ ದಾರಿ ಬಿತ್ತು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ತಟ್ಟೆಯಕ್ಕನನ್ನು ಕರೆದು ತೋರಿಸಿದೆ. ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡು ಬಗ್ಗಿ ನೋಡಿ, "ಆ ಟೈಲರದ್ದಾ? ನನ್ನ ಏಪ್ರನ್ನಿನ ಜೇಬು ಹೊಲಿದುಕೊಟ್ಟಿದ್ದನಲ್ಲ, ಅವನದಾ?" ಎಂದು ಮೂರು ಸಲ ಕೇಳಿದಳು. ನಾನು ವರದಿ ಬರೆದು ಸಹಿ ಹಾಕಿದೆ: ಈ ಜೋಡಿ ಕೆಲಸ ಮಾಡುತ್ತದೆ.

ಡಾಕ್ಟ್ರಮ್ಮ ಅಂದೇ ಜೋಡಿಯನ್ನು ಶುರು ಮಾಡಿದರು. ಎರಡರಲ್ಲಿ ಒಂದು ಮೂತ್ರಪಿಂಡಕ್ಕೆ ಕಷ್ಟ ಕೊಡುವಂಥದ್ದು, ಆದರೂ ಕಾಲಿಗಿಂತ ದೊಡ್ಡದೇನು ಎಂದು ಧೈರ್ಯ ಮಾಡಿದರು. ಮೂರು ದಿನವಾಯಿತು, ಐದು ದಿನವಾಯಿತು. ಜ್ವರ ಇಳಿಯಲಿಲ್ಲ, ಕೀವು ಒಣಗಲಿಲ್ಲ. ಹತ್ತನೇ ದಿನ ಟೈಲರನ ಮುಖ ಊದಿಕೊಂಡಿತು, ಮೂತ್ರ ಕಡಿಮೆಯಾಯಿತು. ಡಾಕ್ಟ್ರಮ್ಮ ಮತ್ತೆ ಬಂದು ನನ್ನ ಮೇಜಿನ ಮುಂದೆ ನಿಂತರು. "ನಿಮ್ಮ ತಟ್ಟೆಯಲ್ಲಿ ಸಾಯೋ ರೋಗಾಣು ನನ್ನ ವಾರ್ಡಿನಲ್ಲಿ ಯಾಕೆ ಸಾಯ್ತಿಲ್ಲ? ಇನ್ನೊಂದು ಸಲ ಮಾಡಿ."

ಅಂದು ಸೋಮವಾರ. ಸೋಮವಾರ ನಮ್ಮಲ್ಲಿ ಲ್ಯಾಬಿನದೇ ಪರೀಕ್ಷೆ. ಗುಣ ಗೊತ್ತಿರುವ ಒಂದು ರೋಗಾಣುವನ್ನು ಬೆಳೆಸಿ, ಬಯಲುಗಳು ಪುಸ್ತಕದಲ್ಲಿರುವ ಅಳತೆಗೆ ಬರುತ್ತವೆಯೇ ಎಂದು ನೋಡಿ, ದೊಡ್ಡ ಡಾಕ್ಟರಿಗೆ ತೋರಿಸುವ ದಿನ. ಆ ಪರೀಕ್ಷೆಗೆಂದು ಸುರಿದ ತಟ್ಟೆಗಳಲ್ಲಿ ಎರಡು ಮಿಕ್ಕಿದ್ದವು. ಅವಸರದಲ್ಲಿ ಅವನ್ನೇ ತೆಗೆದುಕೊಂಡು ಟೈಲರನ ರೋಗಾಣು ಸವರಿದೆ, ಅದೇ ಜೋಡಿ ಬಿಲ್ಲೆ, ಅದೇ ದೂರ.

ಮರುದಿನ ಮುಚ್ಚಳ ತೆಗೆದರೆ ದಾರಿ ಇಲ್ಲ. ಎರಡು ಬಿಲ್ಲೆಗಳ ನಡುವೆ ರೋಗಾಣು ಗಟ್ಟಿಯಾಗಿ ಕೂತಿತ್ತು, ಅಪ್ಪನ ಮನೆ ಆಸ್ತಿ ಅನ್ನುವ ಹಾಗೆ.

ಹಳೆಯ ತಟ್ಟೆಯನ್ನು ಫ್ರಿಜ್ಜಿನಿಂದ ತಂದೆ. ಎರಡನ್ನೂ ಕಿಟಕಿಗೆ ಹಿಡಿದೆ. ಒಂದರ ಪದರ ನಾಲ್ಕು ಮಿಲಿಮೀಟರ್. ಇನ್ನೊಂದರದ್ದು ಮೂರೂ ಇಲ್ಲ. ಪದರ ದಪ್ಪವಿದ್ದರೆ ಬಿಲ್ಲೆಯ ಔಷಧಿ ಸ್ವಲ್ಪ ಕೆಳಕ್ಕೆ ಇಳಿಯುತ್ತದೆ, ಸ್ವಲ್ಪ ಬದಿಗೆ ಹರಡುತ್ತದೆ. ಪದರ ತೆಳುವಾದರೆ ಕೆಳಗೆ ಜಾಗವಿಲ್ಲ, ಇದ್ದಬದ್ದದ್ದೆಲ್ಲ ಬದಿಗೇ ಹರಡಿ, ಬಯಲು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸೋತ ಔಷಧಿಯೂ ಗೆದ್ದ ಹಾಗೆ ಕಾಣುತ್ತದೆ. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ.

ತಟ್ಟೆಯಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಓದು ಕಡಿಮೆ, ಆದರೆ ಎರಡು ತಟ್ಟೆಗಳನ್ನು ಪಕ್ಕ ಪಕ್ಕ ಹಿಡಿದವನ ಮುಖ ಓದಲು ಯಾವ ಓದು ಬೇಕು? "ನಾನು ಸುರಿದದ್ದಕ್ಕಾ?" ಅಂದಳು.

ನಾನು ಹೂಂ ಅಂದೆ.

"ರೋಗಾಣುಗೆ ಕಡಿಮೆ ಹಾಕಿದರೆ ಅದು ಸೊರಗುತ್ತೆ ಅಂದುಕೊಂಡಿದ್ದೆ ತಮ್ಮಾ. ಅಳತೆ ಕೆಡುತ್ತೆ ಅಂತ ಯಾರೂ ಹೇಳಲಿಲ್ಲ."

ಯಾರೂ ಹೇಳಲಿಲ್ಲ. ಇಲ್ಲಿಯವರೆಗೆ ನಾನು ಒಂದು ವಿಷಯ ಬಚ್ಚಿಟ್ಟುಕೊಂಡೇ ಬರೆದಿದ್ದೇನೆ, ಇನ್ನು ಆಗುವುದಿಲ್ಲ. ಸೋಮವಾರದ ತಟ್ಟೆ ಮಾತ್ರ ದಪ್ಪ ಇರುತ್ತಿದ್ದದ್ದು ಏಕೆ? ಆರು ವರ್ಷದ ಹಿಂದೆ, ಅವಳು ತೆಳ್ಳಗೆ ಸುರಿಯಲು ಶುರು ಮಾಡಿದ ಹೊಸದರಲ್ಲಿ, ಸೋಮವಾರದ ಪರೀಕ್ಷೆಯಲ್ಲಿ ಬಯಲುಗಳು ಅಳತೆ ಮೀರಿ ಬಂದವು. ಕಾರಣ ನನಗೆ ಆಗಲೇ ಹೊಳೆದಿತ್ತು. ಅಳತೆ ಕೆಟ್ಟಿದೆಯೆಂದು ದೊಡ್ಡ ಡಾಕ್ಟರಿಗೆ ಹೇಳಿದರೆ ವಿಚಾರಣೆ, ಪುಡಿಯ ಜಗಳ, ನಿಂತುಹೋಗುವ ಪರೀಕ್ಷೆಗಳು, ನನ್ನ ಬಡ್ತಿಯ ವರ್ಷ ಬೇರೆ. ನಾನು ಎರಡು ಮೆಟ್ಟಿಲು ಇಳಿದು ಹೋಗಿ, "ಅಕ್ಕಾ, ಸೋಮವಾರದ ತಟ್ಟೆ ಮಾತ್ರ ಹಾಳೆಯಲ್ಲಿರೋ ಹಾಗೆ ಸುರಿ" ಅಂದೆ. ಏಕೆಂದು ಅವಳು ಕೇಳಲಿಲ್ಲ. ನಾನು ಹೇಳಿದ್ದು ಅವಳಿಗೆ ಸಾಕಿತ್ತು. ಮುಂದಿನ ಸೋಮವಾರ ಅಳತೆ ಸರಿ ಬಂತು, ಆಮೇಲಿನ ಎಲ್ಲ ಸೋಮವಾರಗಳೂ ಸರಿ ಬಂದವು. ರೋಗಿಗಳ ತಟ್ಟೆ ವಾರದ ಏಳೂ ದಿನ ತೆಳ್ಳಗೇ ಇತ್ತು. ಆ ಆರು ವರ್ಷದಲ್ಲಿ ಎಷ್ಟು ವರದಿಗೆ ಸಹಿ ಹಾಕಿರಬಹುದೆಂದು ಒಂದು ದಿನ ನೋಡಲು ಕುಳಿತೆ. ಮೊದಲ ಪುಸ್ತಕ ಮುಗಿಯುವ ಮೊದಲೇ ಎದ್ದುಬಿಟ್ಟೆ.

ಅಂದು ಮಧ್ಯಾಹ್ನವೇ ತಟ್ಟೆಯಕ್ಕ ಹೊಸ ಸೀಸೆ ಕುದಿಸಿದಳು. ಪ್ರತಿ ತಟ್ಟೆಗೂ ಅಳತೆಯ ನಳಿಕೆಯಲ್ಲಿ ಇಪ್ಪತ್ತೈದು ಮಿಲಿಲೀಟರ್, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಪ್ಪತ್ತಕ್ಕೆ ಸೀಸೆ ಖಾಲಿಯಾಯಿತು. ಖಾಲಿ ಸೀಸೆಯನ್ನು ಅವಳು ಸ್ವಲ್ಪ ಹೊತ್ತು ಬೋರಲಾಗಿ ಹಿಡಿದೇ ಇದ್ದಳು. ಆ ತಟ್ಟೆಗಳಲ್ಲಿ ಹನ್ನೊಂದು ಜೋಡಿ ನೋಡಿದೆವು. ಒಂದು ಹಿಡಿಯಿತು, ನಿಜವಾಗಿ ಹಿಡಿಯಿತು; ಮೂರು ತಟ್ಟೆಯಲ್ಲಿ ಮೂರು ಸಲ. ಆ ಜೋಡಿ ಕೊಟ್ಟ ನಾಲ್ಕನೇ ದಿನ ಟೈಲರನ ಜ್ವರ ಬಿಟ್ಟಿತು. ಮೂತ್ರಪಿಂಡವೂ ನಿಧಾನವಾಗಿ ದಾರಿಗೆ ಬಂತು.

ಕಾಲು ಮಾತ್ರ ಬರಲಿಲ್ಲ. ಮೂಳೆ ಅಷ್ಟರಲ್ಲಿ ಒಳಗೊಳಗೇ ಕೊಳೆತಿತ್ತು. ಮಂಡಿಯ ಕೆಳಗೆ ತೆಗೆದರು. ಡಾಕ್ಟ್ರಮ್ಮ ಕಾರಿಡಾರಿನಲ್ಲಿ ನನಗೆ ಹೇಳಿದರು, "ಹತ್ತು ದಿನ ಮೊದಲೇ ಈ ಜೋಡಿ ಸಿಕ್ಕಿದ್ದರೆ ಕಾಲು ಉಳೀತಿತ್ತು ಅಂತ ನಾನು ಹೇಳಲಾರೆ. ಉಳೀತಿರಲಿಲ್ಲ ಅಂತಲೂ ಹೇಳಲಾರೆ." ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ವಿಚಾರಣೆ ಆಯಿತು. ಉದ್ದನೆಯ ಮೇಜು, ಮೂವರು ಹಿರಿಯರು, ನಡುವೆ ದೊಡ್ಡ ಡಾಕ್ಟರು. ತಟ್ಟೆಯಕ್ಕ ಏಪ್ರನ್ ಬಿಚ್ಚಿ, ಮಡಿಸಿ ಕೈಯಲ್ಲಿ ಹಿಡಿದು ನಿಂತಿದ್ದಳು. ನಾನು ಗೋಡೆಯ ಪಕ್ಕ.

"ತೆಳ್ಳಗೆ ಸುರಿದದ್ದು ಯಾರು?"

"ನಾನೇ ಸಾರ್."

"ಸೋಮವಾರದ್ದು ಮಾತ್ರ ಹೇಗೆ ಸರಿ ಇತ್ತು?"

ಇದೇ ಪ್ರಶ್ನೆಗೆ ನಾನು ಬೆಳಗಿನಿಂದ ಹೆದರಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ನಾನು ನನ್ನ ಹೆಗಲನ್ನು ಗೋಡೆಗೆ ಒತ್ತಿ ನಿಂತೆ. ತಟ್ಟೆಯಕ್ಕ ನನ್ನ ಕಡೆ ತಿರುಗಲೂ ಇಲ್ಲ.

"ಪರೀಕ್ಷೆ ತಟ್ಟೆ ಅಂತ ಗೊತ್ತಿತ್ತು ಸಾರ್. ಅದಕ್ಕೇ ಅದನ್ನ ಚೆನ್ನಾಗಿ ಸುರಿದೆ."

ಮೂವರಲ್ಲಿ ಒಬ್ಬರು ಛೇ ಅಂದರು. ಆ ಛೇ ನನಗೆ ಸೇರಬೇಕಾದದ್ದು. ನಾನು ಗೋಡೆ ಬಿಟ್ಟು ಕದಲಲಿಲ್ಲ. ಅವಳನ್ನು ಬಟ್ಟೆ ಕೋಣೆಗೆ ಹಾಕಿದರು, ಒಗೆದ ಹಾಸು ಹೊದಿಕೆ ಮಡಿಸುವ ಕೆಲಸ. ನನಗೆ 'ಇನ್ನು ಮುಂದೆ ಗಮನವಿರಲಿ' ಎಂದು ಒಂದು ಸಾಲಿನ ಕಾಗದ ಬಂತು. ಆ ಕಾಗದ ಓದಿ ನನಗೆ ಸಮಾಧಾನವಾಯಿತು. ನಾಚಿಕೆಯಾದದ್ದು ಆಮೇಲೆ. ಈ ಅನುಕ್ರಮಕ್ಕೇ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯ.

ಅವಳ ಮನೆಗೆ ಹೋದೆ. ಒಂದೇ ಕೋಣೆ, ತಂಗಿಯ ಜೊತೆ. ಕಪಾಟಿನ ಮೇಲೆ ಇರುತ್ತಿದ್ದ ಬಹುಮಾನದ ಫ್ಲಾಸ್ಕ್ ಈಗ ಇರಲಿಲ್ಲ. ಅದನ್ನು ಅಟ್ಟಕ್ಕೆ ಎಸೆದಿದ್ದಾಳೆಂದು ತಂಗಿ ಹೇಳಿದಳು. ಟೀ ಕೊಟ್ಟರು, ಹೊಸ ಸೊಪ್ಪಿನ ಟೀ, ಕಡುಕೆಂಪು. ಬಿಸಿ ನೋಡು ಬಣ್ಣ ನೋಡಬೇಡ ಎಂಬ ತಮಾಷೆ ಯಾರೂ ಮಾಡಲಿಲ್ಲ. ತಟ್ಟೆಯಕ್ಕ ಅಂದಳು, "ಟೈಲರಿಗೆ ಹೇಳಬೇಕು ತಮ್ಮಾ. ನಾಡಿದ್ದು ಅವನನ್ನ ಮನೆಗೆ ಕಳಿಸ್ತಾರಂತೆ. ಹೇಳದೆ ಕಳಿಸಿದರೆ ನನಗೆ ಅನ್ನ ಇಳಿಯಲ್ಲ. ನೀನೂ ಬಾ."

ನಾನು ಬರುತ್ತೇನೆ ಅಂದೆ. ಅಂದೇ ನಿರ್ಧಾರ ಮಾಡಿದೆ: ಅಲ್ಲಿ ಹೇಳಿಬಿಡುತ್ತೇನೆ. ಮೇಜಿನ ಮುಂದೆ ಆಗದ್ದು ಮಂಚದ ಮುಂದೆ ಆಗುತ್ತದೆ. ಮಾತುಗಳನ್ನೂ ಜೋಡಿಸಿಕೊಂಡೆ. ಸಹಿ ನನ್ನದು, ಸೋಮವಾರದ ಉಪಾಯ ನನ್ನದು, ಇವಳದ್ದು ಬರೀ ಕೈ. ಮೂರೇ ಮಾತು.

ಟೈಲರ್ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತು, ಯಾವುದೋ ನರ್ಸಿನ ಕೋಟಿಗೆ ಗುಂಡಿ ಹೊಲಿಯುತ್ತಿದ್ದ. ಹೊದಿಕೆ ಎಡಗಡೆ ಮಾತ್ರ ಉದ್ದಕ್ಕೂ ಉಬ್ಬಿತ್ತು. ಮೊದಲ ಪರೀಕ್ಷೆ ಸರಿಯಾಗಲಿಲ್ಲ ಎಂದಷ್ಟೇ ಅವನಿಗೆ ತಿಳಿದಿತ್ತು. ತಟ್ಟೆಯಕ್ಕ ಕೂರಲಿಲ್ಲ. ತಾನು ಯಾರು, ಏನು ಸುರಿಯುತ್ತಿದ್ದಳು, ಎಷ್ಟು ತೆಳ್ಳಗೆ ಸುರಿದಳು, ಅದರಿಂದ ಏನಾಯಿತು, ಎಲ್ಲವನ್ನೂ ನಿಂತೇ ಹೇಳಿದಳು. ಧ್ವನಿ ಒಂದು ಸಲವೂ ನಡುಗಲಿಲ್ಲ, ಆದರೆ ಏಪ್ರನ್ನಿಲ್ಲದ ಕೈಗಳು ಒರೆಸಿಕೊಳ್ಳಲು ಏನೂ ಸಿಗದೆ ಗಾಳಿಯಲ್ಲೇ ಒರೆಸಿಕೊಳ್ಳುತ್ತಿದ್ದವು.

ಟೈಲರ್ ಸೂಜಿ ನಿಲ್ಲಿಸಿದ. ಗುಂಡಿಯ ಮೇಲೆ ಬೆರಳಾಡಿಸಿದ.

"ನಮ್ಮಲ್ಲೂ ಮಾಡ್ತಾರಮ್ಮ. ಬಟ್ಟೆ ಉಳಿಸೋಕೆ ಒಳಗಡೆ ಮಡಿಕೆ ಬಿಡದೆ ಹೊಲಿದುಬಿಡೋದು. ಕನ್ನಡಿ ಮುಂದೆ ಚೆನ್ನಾಗೇ ಕಾಣುತ್ತೆ. ಕೂತಾಗ ಬಿಚ್ಚಿಕೊಳ್ಳುತ್ತೆ." ಆಮೇಲೆ ತಲೆ ಎತ್ತಿ ಕೇಳಿದ, "ಎಷ್ಟು ಉಳೀತು?"

ಚುಚ್ಚಿ ಕೇಳಲಿಲ್ಲ. ಕೆಲಸದವನು ಕೆಲಸದವಳನ್ನು ಕೇಳುವ ಹಾಗೆ ಕೇಳಿದ.

"ಒಂದು ಸೀಸೆಗೆ ಎಂಟು ತಟ್ಟೆ."

"ಎಂಟು" ಎಂದು ತಲೆಯಾಡಿಸಿದ. ಹೊದಿಕೆಯ ಖಾಲಿ ಬದಿಯನ್ನು ಅಂಗೈಯಿಂದ ಒಮ್ಮೆ ಸಮ ಮಾಡಿದ. "ಕೈಮೆಷಿನ್ ಒಂದಿದೆ ನನ್ನ ಹತ್ತಿರ, ಹಳೇದು. ಅದರಲ್ಲೇ ನೋಡಬೇಕು ಇನ್ನು." ನಂತರ ನನ್ನತ್ತ ನೋಡಿದ. "ಇವರು?"

ನನ್ನ ಮೂರು ಮಾತು ಗಂಟಲಲ್ಲಿ ಸಿದ್ಧವಾಗಿದ್ದವು. ತಟ್ಟೆಯಕ್ಕ ನನ್ನ ಕಡೆ ತಿರುಗಿದಳು, ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ನಾನು ಬಾಯಿ ತೆರೆಯಲಿಲ್ಲ. ಕೊನೆಗೆ ಅವಳೇ ಹೇಳಿದಳು, "ವರದಿ ಬರೆಯೋ ಸಾರ್. ಸರಿಯಾದ ಜೋಡಿ ಹುಡುಕಿದ್ದು ಇವರೇ."

ಟೈಲರ್ ಸೂಜಿಯನ್ನು ಕೋಟಿಗೆ ಸಿಕ್ಕಿಸಿ, ಎರಡೂ ಕೈ ಚಾಚಿದ. "ಜೀವ ಉಳಿಸಿದಿರಿ ಸಾರ್" ಅಂದ. ನಾನು ಕೈ ಕೊಟ್ಟೆ. ಕೊಟ್ಟೆ, ಕೊಟ್ಟು "ಪರವಾಗಿಲ್ಲ" ಅಂದೆ. ಅವನ ಬೆರಳ ತುದಿಯ ಸೂಜಿಗಾಯಗಳ ಗಂಟು ನನ್ನ ಅಂಗೈಗೆ ತಾಗಿತು.

ವಾರ್ಡಿನಿಂದ ಬಟ್ಟೆ ಕೋಣೆಗೆ ಹಿಂದಿನ ಮೆಟ್ಟಿಲು ಹತ್ತಿರ. ಮುಂದೆ ಅವಳು, ಹಿಂದೆ ನಾನು. ಎರಡನೇ ತಿರುವಿನಲ್ಲಿ ತಡೆಯಲಾರದೆ ಕೇಳಿದೆ, "ಅಕ್ಕಾ, ನನ್ನ ವಿಷಯ ಯಾಕೆ ಹೇಳಲಿಲ್ಲ? ಅಲ್ಲೂ ಹೇಳಲಿಲ್ಲ, ಇಲ್ಲೂ ಹೇಳಲಿಲ್ಲ."

ಅವಳು ಕಂಬಿ ಹಿಡಿದು ನಿಂತಳು, ತಿರುಗಲಿಲ್ಲ. ಮೆಟ್ಟಿಲಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ.

"ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ, ಸಾರ್" ಅಂದಳು.